ಮೊದಲ ಮೂರು ದಿನ ಯಾರು ನೋಡಿಕೊಳ್ತಾರೆ? ಕೊಡಗಿನ ಮಳೆಗಾಲ ಮತ್ತು ಮನೆಯ ಸಿದ್ಧತೆ

ಕೊಡಗಿಗೆ ರೈಲಿಲ್ಲ, ವಿಮಾನ ನಿಲ್ದಾಣವಿಲ್ಲ. ಬರುವುದಿರಲಿ ಹೋಗುವುದಿರಲಿ, ರಸ್ತೆಯೊಂದೇ ಗತಿ. ಆ ರಸ್ತೆಗಳನ್ನೂ ಬೆರಳಲ್ಲಿ ಎಣಿಸಬಹುದು. ಕುಶಾಲನಗರ ದಾಟಿ ಮೈಸೂರಿಗೆ, ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ, ಮಾಕುಟ್ಟದ ಕಾಡಿನಲ್ಲಿ ಕಣ್ಣೂರಿಗೆ, ಕುಟ್ಟದಿಂದ ವಯನಾಡಿಗೆ, ತಿತಿಮತಿ ಮೇಲೆ ಹುಣಸೂರಿಗೆ, ಶನಿವಾರಸಂತೆ ಕಡೆಯಿಂದ ಹಾಸನಕ್ಕೆ. ಇವುಗಳಲ್ಲಿ ಘಾಟಿ ರಸ್ತೆಗಳನ್ನು ಮಳೆಗಾಲದಲ್ಲಿ ನಂಬುವ ಹಾಗಿಲ್ಲ. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ವಾರಗಟ್ಟಲೆ ಮುಚ್ಚಿತ್ತು. 2024ರ ಜುಲೈನಲ್ಲಿ ಕರ್ತೋಜಿ ಬಳಿ ಗುಡ್ಡ ಕುಸಿಯುವ ಭಯದಿಂದ ಅದೇ ರಸ್ತೆಯಲ್ಲಿ ಕೆಲವು ದಿನ ರಾತ್ರಿ ಸಂಚಾರ ನಿಲ್ಲಿಸಿದರು. 2020ರ ಮಾರ್ಚ್‌ನಲ್ಲಿ ಮಳೆಯೇ ಇರಲಿಲ್ಲ, ಆದರೂ ಕೊರೊನಾ ಅಂತ ಕೇರಳದ ಕಡೆಯ ದಾರಿಗಳು ಬಂದ್ ಆದವು.

ಇದನ್ನೆಲ್ಲ ಮೊದಲೇ ಹೇಳಲು ಕಾರಣವಿದೆ. ಸಿದ್ಧತೆ, ಸ್ವಾವಲಂಬನೆ ಅಂದ ಕೂಡಲೇ ಜನರಿಗೆ ಯುದ್ಧವೋ ಪ್ರಳಯವೋ ನೆನಪಾಗುತ್ತದೆ. ಕೊಡಗಿನ ಮಟ್ಟಿಗೆ ವಿಷಯ ಅಷ್ಟು ದೂರದ್ದಲ್ಲ. ನಮ್ಮಲ್ಲಿ ಪ್ರಶ್ನೆ ಇಷ್ಟೇ: ರಸ್ತೆ ತುಂಡಾದ ಮೇಲೆ ಸಹಾಯ ಬಂದು ಮುಟ್ಟುವವರೆಗಿನ ಎರಡು ಮೂರು ದಿನ ಮನೆಯವರನ್ನು ಯಾರು ನೋಡಿಕೊಳ್ತಾರೆ?

2018ರಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಜೂನ್‌ನಿಂದಲೇ ಮಳೆ ಹಿಡಿದಿತ್ತು, ನೆಲ ನೀರು ಕುಡಿದು ನೆನೆದು ಹೋಗಿತ್ತು. ಆಗಸ್ಟ್ 15ರಿಂದ ಎರಡು ಮೂರು ದಿನ ಬಿದ್ದ ಮಳೆಗೆ ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಕಾಲೂರು, ಹೆಮ್ಮೆತ್ತಾಳು, ಜೋಡುಪಾಲ, ಮೊಣ್ಣಂಗೇರಿ ಸುತ್ತ ಗುಡ್ಡಗಳು ಜಾರಿದವು. ಸೈನ್ಯ ಬಂತು, ಎನ್‌ಡಿಆರ್‌ಎಫ್ ಬಂತು, ರಾಜ್ಯದ ಮೂಲೆಮೂಲೆಯಿಂದ ಲಾರಿಗಟ್ಟಲೆ ಸಾಮಾನು ಬಂತು. ಎಲ್ಲ ಬಂದದ್ದು ನಿಜ. ಆದರೆ ಕೆಲವು ಊರುಗಳಿಗೆ ಮೊದಲು ತಲುಪಿದ್ದು ಅಕ್ಕಪಕ್ಕದ ಊರಿನ ಹುಡುಗರು. ತೋಟದ ದಾರಿ ಗೊತ್ತಿದ್ದವರು, ಹಗ್ಗ ಕತ್ತಿ ಹಿಡಿದು ಕೆಸರಲ್ಲಿ ನಡೆದು ಹೋದವರು. ಅಲ್ಲಿಯತನಕ ಜನ ತಮ್ಮ ಕೈಲಿದ್ದದ್ದರಲ್ಲೇ ಬದುಕಿದರು. 2019ರಲ್ಲಿ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟದಲ್ಲಿ ಗುಡ್ಡ ಕುಸಿಯಿತು. ಮೂರು ವರ್ಷ ಮೂರು ಕಡೆ. 2024ರ ಜುಲೈ 30ರಂದು ಪಕ್ಕದ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆ ಕೊಚ್ಚಿಹೋದಾಗ ಕೊಡಗಿನ ಎಷ್ಟೋ ಮನೆಗಳಲ್ಲಿ ರಾತ್ರಿ ನಿದ್ದೆ ಬರಲಿಲ್ಲ.

ಹಾಗಾದರೆ ಹಿಂದಿನವರು ಹೇಗೆ ಇದ್ದರು? ಅವರಿಗೆ ಪ್ರತಿ ಮಳೆಗಾಲವೂ ರಸ್ತೆ ಬಂದ್ ಆದ ಕಾಲವೇ. ಕಕ್ಕಡ ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತಿಂಗಳು. ಹೊಳೆ ದಾಟುವ ಹಾಗಿಲ್ಲ, ಗದ್ದೆಯಲ್ಲಿ ನಾಟಿ ಕೆಲಸ, ಮೈಮೇಲೆ ಬಟ್ಟೆ ಒಣಗುವುದಿಲ್ಲ. ಅದಕ್ಕಾಗಿ ಮೇ ಮುಗಿಯುವುದರೊಳಗೆ ಮನೆ ತುಂಬಿಸುತ್ತಿದ್ದರು. ಸೌದೆ ಒಡೆದು ಕೊಟ್ಟಿಗೆಯ ಸೂರಿನವರೆಗೆ ಜೋಡಿಸುವುದು ಮೊದಲ ಕೆಲಸ. ಪತ್ತಾಯದಲ್ಲಿ, ಅಂದರೆ ಕಣಜದಲ್ಲಿ, ಭತ್ತ. ಒಲೆ ಮೇಲಿನ ಅಟ್ಟದಲ್ಲಿ ಹೊಗೆ ಹಿಡಿದ ಮಾಂಸ, ಒಣಮೀನು. ಉಪ್ಪುನೀರಿನ ಭರಣಿಯಲ್ಲಿ ಕಾಡುಮಾವು. ಕೆಮ್ಮಣ್ಣು ಬಳಿದಿಟ್ಟ ಹಲಸಿನ ಬೀಜ. ಸೀಸೆಯಲ್ಲಿ ವರ್ಷಗಟ್ಟಲೆ ಕೆಡದ ಕಾಚಂಪುಳಿ ಅನ್ನುವ ಕಪ್ಪು ಹುಳಿರಸ. ಇದರ ಮೇಲೆ ಮಳೆಗಾಲವೇ ಕೊಡುವುದು ಬೇರೆ: ಬೈಂಬಳೆ (ಎಳೆ ಬಿದಿರು), ಕೆಸ, ಅಣಬೆ, ಗದ್ದೆಯ ಏಡಿ. ಕಕ್ಕಡ 18ಕ್ಕೆ ಮದ್ದುಸೊಪ್ಪಿನ ಪಾಯಸ ಮಾಡುವುದು ಇವತ್ತಿಗೂ ತಪ್ಪಿಲ್ಲ.

ಆ ಕಾಲವನ್ನು ಹೊಗಳಲು ಇದನ್ನು ಬರೆಯುತ್ತಿಲ್ಲ. ಹೆರಿಗೆ ನೋವು ಬಂದ ಹೆಂಗಸನ್ನು ಕಂಬಳಿ ಜೋಲಿಯಲ್ಲಿ ಹೊತ್ತು ಮೈಲಿಗಟ್ಟಲೆ ನಡೆಯಬೇಕಿತ್ತು. ಜ್ವರ ಬಂದರೆ ಕಷಾಯವೇ ಗತಿ. ಆದರೆ ಒಂದು ವಿಷಯ ಗಮನಿಸಬೇಕು. ಅವರ ಬದುಕಿನಲ್ಲಿ ಊಟ, ಬೆಂಕಿ, ನೀರು, ಸುದ್ದಿ ನಾಲ್ಕೂ ಬೇರೆ ಬೇರೆ ಕಡೆಯಿಂದ ಬರುತ್ತಿದ್ದವು. ಅಕ್ಕಿ ಗದ್ದೆಯಿಂದ, ಬೆಂಕಿ ಸೌದೆಯಿಂದ, ನೀರು ಬಾವಿಯಿಂದ. ಸುದ್ದಿ ಕೋವಿಯ ಸದ್ದಿನಿಂದ: ಒಂದರ ಹಿಂದೆ ಒಂದು ಎರಡು ಗುಂಡು ಕೇಳಿಸಿದರೆ ಸಾವಾಗಿದೆ ಅಂತ ಊರಿಗೆಲ್ಲ ತಿಳಿಯುತ್ತಿತ್ತು. ಒಂದು ಕೈಕೊಟ್ಟರೆ ಇನ್ನೊಂದು ನಿಲ್ಲುತ್ತಿರಲಿಲ್ಲ.

ಈಗ ಎಲ್ಲವೂ ಒಂದೇ ತಂತಿಗೆ ಕಟ್ಟಿಕೊಂಡಿದೆ.

ನೋಡಿ, ಜುಲೈನ ಒಂದು ಗಾಳಿಗೆ ಸಿಲ್ವರ್ ಓಕ್ ಮರ ಕರೆಂಟ್ ಲೈನ್ ಮೇಲೆ ಬೀಳುತ್ತದೆ. ಲೈನ್‌ಮನ್‌ಗಳು ಜೀವ ಪಣಕ್ಕಿಟ್ಟು ದುಡಿಯುತ್ತಾರೆ, ಆದರೆ ಒಂದೇ ರಾತ್ರಿಯಲ್ಲಿ ನೂರಾರು ಕಂಬ ಬಿದ್ದರೆ ಅವರಾದರೂ ಏನು ಮಾಡಲಿ. ಕರೆಂಟ್ ಹೋಯಿತು ಅಂದರೆ ಮೋಟಾರ್ ಇಲ್ಲ, ಟ್ಯಾಂಕಿಗೆ ನೀರಿಲ್ಲ. ಮೊಬೈಲ್ ಟವರ್ ಕೆಲವು ಗಂಟೆ ಬ್ಯಾಟರಿಯಲ್ಲಿ ನಡೆಯುತ್ತದೆ, ಆಮೇಲೆ ಜನರೇಟರಿಗೆ ಡೀಸೆಲ್ ಬೇಕು. ಡೀಸೆಲ್ ತರುವ ಗಾಡಿ ಬರಬೇಕಾದ ರಸ್ತೆಗೆ ಬರೆ, ಅಂದರೆ ಪಕ್ಕದ ಕಡಿದಾದ ಮಣ್ಣಿನ ದಿಣ್ಣೆ, ಕುಸಿದಿರುತ್ತದೆ. ರಸ್ತೆ ಬದಿಯಲ್ಲೇ ಹೂತಿರುವ ಕೇಬಲ್ ರಸ್ತೆಯ ಜೊತೆಗೇ ತುಂಡಾಗುತ್ತದೆ. ಹೀಗೆ ಎರಡನೇ ದಿನಕ್ಕೆ ಫೋನ್ ಸತ್ತಿತು. ಫೋನ್ ಸತ್ತರೆ ಫೋನ್‌ಪೇ, ಗೂಗಲ್‌ಪೇ ಇಲ್ಲ. ಎಟಿಎಂ ಇಲ್ಲ. ಅಂಗಡಿಯಲ್ಲಿ ಅಕ್ಕಿ ಇದ್ದರೂ ಕೊಳ್ಳಲು ಕೈಯಲ್ಲಿ ಕಾಸಿಲ್ಲ. ಮಕ್ಕಳು ಬೆಂಗಳೂರಲ್ಲಿ ಗಾಬರಿಯಾಗಿ ಕರೆ ಮಾಡುತ್ತಾ ಕೂತಿರುತ್ತಾರೆ.

ಅದಕ್ಕೆ ಸಿದ್ಧತೆ ಅಂದರೆ ಈ ಸರಪಳಿಯನ್ನು ಎಲ್ಲೋ ಒಂದೆರಡು ಕಡೆ ಬಿಡಿಸಿಕೊಳ್ಳುವುದು. ಇಡೀ ಸರಪಳಿಯಿಂದ ಹೊರಗೆ ಹೋಗಿ ಒಂಟಿಯಾಗಿ ಬದುಕುವ ಮಾತು ನನಗೆ ಒಪ್ಪಿಗೆಯಿಲ್ಲ. ಅದು ಸಾಧ್ಯವೂ ಇಲ್ಲ, ಬೇಕಾಗಿಯೂ ಇಲ್ಲ. ಕರೆಂಟ್ ಇಲ್ಲದೆ ನೀರು ಸಿಗಬೇಕು, ಗ್ಯಾಸ್ ಇಲ್ಲದೆ ಅನ್ನ ಬೇಯಬೇಕು, ನೆಟ್ ಇಲ್ಲದೆ ಸುದ್ದಿ ತಿಳಿಯಬೇಕು. ಇಷ್ಟಾದರೆ ಮೂರು ದಿನವೇನು, ಒಂದು ವಾರವೂ ದಾಟುತ್ತದೆ.

ಇದರಲ್ಲಿ ಕೊಡಗಿನ ಮನೆಗಳಿಗೆ ಅರ್ಧ ಕೆಲಸ ಈಗಾಗಲೇ ಆಗಿದೆ. ಸ್ನಾನದ ನೀರು ಕಾಯಿಸುವ ಹಂಡೆ ಒಲೆ ಹೆಚ್ಚಿನ ಮನೆಗಳಲ್ಲಿ ಇನ್ನೂ ಇದೆ. ಗ್ಯಾಸ್ ಮುಗಿದ ದಿನ ಅದೇ ಅಡುಗೆ ಒಲೆ. ಬೇಕಾದ್ದು ನೆನೆಯದ ಸೌದೆ ಮಾತ್ರ. ನೀರಿನ ವಿಷಯದಲ್ಲೂ ಹಾಗೇ. ಬಾವಿ ಇದೆ, ಆದರೆ ಮೋಟಾರ್ ಬಂದ ಮೇಲೆ ರಾಟೆ ಹಗ್ಗ ಕಿತ್ತು ಹಾಕಿದ್ದೇವೆ. ಅದನ್ನು ಮತ್ತೆ ಹಾಕಿಸಲು ಎಷ್ಟು ಖರ್ಚು? ಜೋರು ಮಳೆಯಲ್ಲಿ ಬಾವಿ ನೀರು ಕದಡಿದರೆ ಸೂರಿನ ನೀರಿದೆ. ಮೊದಲ ನೀರು ಹರಿದುಹೋಗಲು ಬಿಟ್ಟು, ಆಮೇಲಿನದನ್ನು ತೆಳು ಬಟ್ಟೆಯಲ್ಲಿ ಸೋಸಿ, ಕೊತಕೊತ ಒಂದು ನಿಮಿಷ ಕುದಿಸಿದರೆ ಕುಡಿಯಬಹುದು. ಕುಡಿಯಲಿಕ್ಕೇ ಅಂತ ಒಬ್ಬರಿಗೆ ದಿನಕ್ಕೆ ಮೂರು ಲೀಟರ್ ಲೆಕ್ಕ ಹಿಡಿಯಿರಿ, ಅಡುಗೆಗೆ ಬೇರೆ. ಪ್ರವಾಹದ ನೀರಲ್ಲಿ ನಡೆದವರಿಗೆ ಇಲಿಜ್ವರದ ಭಯವಿದೆ. ಕಾಲಲ್ಲಿ ಗಾಯವಿದ್ದರೆ ಬೂಟು ಹಾಕದೆ ಇಳಿಯಬೇಡಿ. ಭೇದಿ ಶುರುವಾಗಿ ಓಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ, ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಗೋಪುರದ ಹಾಗೆ ತುಂಬದೆ ಮಟ್ಟವಾಗಿರಬೇಕು. ಉಪ್ಪು ಜಾಸ್ತಿಯಾದರೆ ಮಗುವಿಗೆ ಅಪಾಯ.

ನಮ್ಮ ಮನೆಯಲ್ಲಿ ಅಡುಗೆಮನೆಯ ಪಕ್ಕ ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ ಇದೆ, ತಿರುಗಿಸಿ ಮುಚ್ಚುವ ಮುಚ್ಚಳದ್ದು. ಮೇ ಕೊನೆಗೆ ಅದು ತುಂಬುತ್ತದೆ. ಅಕ್ಕಿ, ತೊಗರಿಬೇಳೆ, ಹೆಸರುಕಾಳು, ಉಪ್ಪು, ಬೆಲ್ಲ, ಎಣ್ಣೆ ಪ್ಯಾಕೆಟ್. ಮೇಲೆ ಒಂದು ಬಿಸ್ಕೆಟ್ ಡಬ್ಬಿ, ಅದರಲ್ಲಿ ಮೇಣದ ಬತ್ತಿ, ಪ್ಲಾಸ್ಟಿಕ್ಕಲ್ಲಿ ಸುತ್ತಿದ ಬೆಂಕಿಪೆಟ್ಟಿಗೆ, ಸೆಲ್ ಹಾಕುವ ಟಾರ್ಚ್, ಸೆಲ್ಲಿನ ಪುಟ್ಟ ರೇಡಿಯೋ. ಚಾರ್ಜರ್ ಟಾರ್ಚ್ ಇಟ್ಟರೆ ಎರಡನೇ ರಾತ್ರಿಗೆ ಅದು ಬರೀ ಡಬ್ಬ. ಸೋಲಾರ್ ಬಗ್ಗೆ ಬಹಳ ಜನ ಕೇಳುತ್ತಾರೆ. ಬೇಸಿಗೆಗೆ ಒಳ್ಳೆಯದೇ. ಆದರೆ ವಾರಗಟ್ಟಲೆ ಬಿಸಿಲು ಕಾಣದ ನಮ್ಮ ಜುಲೈನಲ್ಲಿ ಪ್ಯಾನೆಲ್ ಕೊಡುವುದು ತೀರಾ ಕಮ್ಮಿ, ಅದೊಂದನ್ನೇ ನಂಬಿ ಕೂರಬಾರದು. ರೇಡಿಯೋ ಯಾಕೆ ಅಂದರೆ ಮಡಿಕೇರಿ ಆಕಾಶವಾಣಿ ಕೇಳಲು ಸಿಗ್ನಲ್, ನೆಟ್ ಪ್ಯಾಕ್ ಏನೂ ಬೇಡ. ಹತ್ತು, ಇಪ್ಪತ್ತು, ಐವತ್ತರ ನೋಟುಗಳ ಒಂದು ಕಟ್ಟೂ ಅದರಲ್ಲೇ ಇದೆ. ಐನೂರರ ನೋಟಿಗೆ ಆ ದಿನ ಯಾರೂ ಚಿಲ್ಲರೆ ಕೊಡುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಕೈಲ್ ಪೊಳ್ದ್ ಹಬ್ಬ ಕಳೆದ ಮೇಲೆ ಡ್ರಮ್ಮಿನ ಅಕ್ಕಿ ಬೇಳೆ ದಿನದ ಅಡುಗೆಗೆ ಹೋಗುತ್ತದೆ. ಒಂದು ಕಾಳೂ ದಂಡವಾಗುವುದಿಲ್ಲ.

ಬೆಂಕಿ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಚಳಿ ಅಂತ ಕೆಂಡದ ಬಾಣಲೆಯನ್ನು ಮಲಗುವ ಕೋಣೆಗೆ ತಂದು ಬಾಗಿಲು ಹಾಕಿಕೊಳ್ಳಬೇಡಿ. ಮಳೆಗೆ ನೆನೆಯುತ್ತದೆ ಅಂತ ಜನರೇಟರನ್ನು ಒಳಗೆ ಇಡಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರು ಏಳುವುದಿಲ್ಲ.

ಬಣ್ಣದ ಅಲರ್ಟ್ ಮತ್ತು ನಮ್ಮ ಇಂಚು

ಮಳೆಗಾಲ ಬಂತೆಂದರೆ ವಾಟ್ಸಾಪ್‌ನಲ್ಲಿ ಹಳದಿ, ಆರೆಂಜ್, ರೆಡ್ ಅಲರ್ಟ್‌ಗಳ ಸುರಿಮಳೆ. ಬಣ್ಣದ ಹಿಂದಿನ ಲೆಕ್ಕ ಗೊತ್ತಿಲ್ಲದಿದ್ದರೆ ಎರಡು ವಾರದಲ್ಲಿ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಹವಾಮಾನ ಇಲಾಖೆ 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಬಿದ್ದರೆ ಭಾರೀ ಮಳೆ ಅನ್ನುತ್ತದೆ. 204.4ರವರೆಗೆ ಅತಿ ಭಾರೀ. ಅದನ್ನೂ ದಾಟಿದರೆ ಅತ್ಯಂತ ಭಾರೀ. ನಮ್ಮ ಪ್ಲಾಂಟರ್‌ಗಳು ಮಳೆ ಅಳೆಯುವುದು ಇಂಚು, ಸೆಂಟಿನಲ್ಲಿ (ಒಂದು ಇಂಚಿಗೆ ನೂರು ಸೆಂಟು). ಆ ಲೆಕ್ಕಕ್ಕೆ ತಂದರೆ ಸುಲಭ: ಎರಡೂವರೆ ಇಂಚು ಭಾರೀ, ನಾಲ್ಕೂವರೆ ಇಂಚಿನ ಮೇಲೆ ಅತಿ ಭಾರೀ, ಎಂಟು ಇಂಚು ದಾಟಿದರೆ ಅತ್ಯಂತ ಭಾರೀ. ಸಾಮಾನ್ಯವಾಗಿ ರೆಡ್ ಅಲರ್ಟ್ ಬರುವುದು ಈ ಎಂಟು ಇಂಚಿನ ನಿರೀಕ್ಷೆ ಇದ್ದಾಗ.

ಆದರೆ ಅಲರ್ಟ್ ಬರುವುದು ಇಡೀ ಜಿಲ್ಲೆಗೆ. ಕೊಡಗಿನ ಮಳೆ ಜಿಲ್ಲೆ ಲೆಕ್ಕದಲ್ಲಿ ಬೀಳುವುದಿಲ್ಲ. ಭಾಗಮಂಡಲದಲ್ಲಿ ಮುಸಲಧಾರೆ ಸುರಿಯುವ ದಿನ ಕುಶಾಲನಗರದಲ್ಲಿ ಛತ್ರಿ ಬಿಚ್ಚದೆ ಪೇಟೆ ಸುತ್ತಿ ಬರಬಹುದು. ಹಾಗಂತ ಕುಶಾಲನಗರದವರು ನಿಶ್ಚಿಂತೆಯಿಂದ ಇರುವ ಹಾಗೂ ಇಲ್ಲ. ತಲೆಯ ಮೇಲೆ ಬೀಳದ ನೀರು ಕಾವೇರಿಯಲ್ಲಿ ಹರಿದು ಬರುತ್ತದೆ. ಅಲ್ಲಿನ ಹೊಳೆ ಬದಿಯ ಬಡಾವಣೆಗಳಿಗೂ, ಅದಕ್ಕಿಂತ ಮೇಲೆ ಹೊಳೆ ಬದಿಯಲ್ಲಿರುವ ಕರಡಿಗೋಡು, ಗುಹ್ಯ, ನೆಲ್ಲಿಹುದಿಕೇರಿಗೂ ನೀರು ನುಗ್ಗಿದ್ದು ಹೀಗೆಯೇ. ಈ ಊರುಗಳವರಿಗೆ ಎಲ್ಲಕ್ಕಿಂತ ಒಳ್ಳೆಯ ಮುನ್ಸೂಚನೆ ಭಾಗಮಂಡಲ, ನಾಪೋಕ್ಲು ಕಡೆ ಇರುವ ನೆಂಟರೊಬ್ಬರ ಫೋನ್. "ಇಲ್ಲಿ ಬೆಳಗ್ಗೆಯಿಂದ ನಿಂತಿಲ್ಲ ಕಣೋ, ಹೊಳೆ ರಸ್ತೆಗೆ ಬಂತು" ಅಂತ ಅಲ್ಲಿಂದ ಸುದ್ದಿ ಬಂದರೆ ಇಲ್ಲಿ ಸಾಮಾನು ಮೇಲೆ ಎತ್ತಿಡಲು ಸಮಯ ಸಿಗುತ್ತದೆ.

ಗುಡ್ಡದ ಮೇಲಿನ ಊರುಗಳಲ್ಲಿ ಒಂದು ದಿನದ ಮಳೆಗಿಂತ ಒಟ್ಟು ಮಳೆ ಮುಖ್ಯ. ವಾರವಿಡೀ ನೆನೆದ ಮಣ್ಣಿನ ಮೇಲೆ ಬೀಳುವ ನಾಲ್ಕು ಇಂಚೂ, ಒಣ ಮಣ್ಣಿನ ಮೇಲೆ ಬೀಳುವ ನಾಲ್ಕು ಇಂಚೂ ಒಂದೇ ಅಲ್ಲ. ತೋಟದ ಮನೆಗಳಲ್ಲಿ ಮಳೆ ಮಾಪಕ ಇದೆ, ತಾತನ ಕಾಲದಿಂದ ಡೈರಿಯಲ್ಲಿ ಬರೆದಿಟ್ಟ ಲೆಕ್ಕವೂ ಇದೆ. ಇಷ್ಟು ವರ್ಷ ಅದನ್ನು ಕಾಫಿ ಹೂ ಅರಳಿಸುವ ಹೂ ಮಳೆ ಎಷ್ಟಾಯಿತು ಅಂತ ನೋಡಲು ಬಳಸಿದೆವು. ಈಗ ಅದೇ ಡೈರಿ ಜೀವ ಉಳಿಸಬಲ್ಲದು. ಮಾಪಕ ಇಲ್ಲದವರು ನೆಟ್ಟಗಿನ ಅಂಚಿರುವ ಒಂದು ಡಬ್ಬವನ್ನು ಬಯಲಲ್ಲಿಟ್ಟು ಸ್ಕೇಲಿನಲ್ಲಿ ಅಳೆದರೂ ಸಾಕು. ದಿನಾ ಒಂದೇ ಹೊತ್ತಿಗೆ ಅಳೆದು, ಹಿಂದಿನ ಮೂರು ದಿನದ ಮೊತ್ತ ಬರೆಯಿರಿ.

ಉಳಿಯುವುದಕ್ಕೂ ಸಿದ್ಧ, ಹೊರಡುವುದಕ್ಕೂ ಸಿದ್ಧ

ಈ ಇಡೀ ಲೇಖನದಲ್ಲಿ ನನಗೆ ಮುಖ್ಯ ಅನ್ನಿಸುವುದು ಇದು. ನಮ್ಮ ಹಿರಿಯರ ಸಿದ್ಧತೆಯೆಲ್ಲ ಮನೆಯೊಳಗೆ ಉಳಿಯುವ ಸಿದ್ಧತೆ. ಹೊರಗೆ ಮಳೆ ಎಷ್ಟೇ ಹೊಡೆಯಲಿ, ಮನೆ ಗಟ್ಟಿ, ನೆಲ ಗಟ್ಟಿ ಅನ್ನುವ ನಂಬಿಕೆಯ ಮೇಲೆ ಪತ್ತಾಯ ತುಂಬಿಸುತ್ತಿದ್ದರು. 2018ರಲ್ಲಿ ಆ ನಂಬಿಕೆಗೇ ಪೆಟ್ಟು ಬಿತ್ತು. ನೆಲವೇ ಜಾರಿದ ಕಡೆ ಮನೆಯ ಜೊತೆ ಸಂಗ್ರಹವೂ ಹೋಯಿತು. ಎರಡು ತಿಂಗಳ ಅಕ್ಕಿ ಇದ್ದರೂ, ಮನೆ ಹಿಂದಿನ ಬರೆ ಬಿರುಕು ಬಿಟ್ಟಿದ್ದರೆ ಆ ಅಕ್ಕಿ ಯಾವ ಕೆಲಸಕ್ಕೂ ಬರುವುದಿಲ್ಲ. ಕೆಲವೊಮ್ಮೆ ಸಂಗ್ರಹವೇ ಜನರನ್ನು ಕಟ್ಟಿಹಾಕುತ್ತದೆ. ಇಷ್ಟೆಲ್ಲ ಬಿಟ್ಟು ಹೇಗೆ ಹೋಗುವುದು ಅನ್ನಿಸುತ್ತದೆ.

ನೆಲ ಯಾಕೆ ಜಾರಿತು ಅನ್ನುವುದಕ್ಕೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯವರು ಬಂದು ನೋಡಿ ಹೇಳಿದ್ದು ಎರಡು ಕಾರಣ: ವಿಪರೀತ ಮಳೆ, ಮತ್ತು ಇಳಿಜಾರನ್ನು ಮನುಷ್ಯರು ಕಡಿದು ಬದಲಾಯಿಸಿದ್ದು. ಮನೆಗೆ, ಹೋಂಸ್ಟೇಗೆ, ರಸ್ತೆಗೆ ಅಂತ ಜೆಸಿಬಿಯಲ್ಲಿ ಗೋಡೆಯ ಹಾಗೆ ನೇರ ಕಡಿದ ಬರೆಗಳು ಇವತ್ತಿಗೂ ಎಲ್ಲ ಕಡೆ ಕಾಣುತ್ತವೆ. ಅದರ ಬುಡದಲ್ಲಿ ಮನೆ. ಮೇಲಿಂದ ಬರುವ ನೀರಿಗೆ ಚರಂಡಿಯಿಲ್ಲ. ಹೀಗಿರುವ ಮನೆಯವರಿಗೆ ಮೇ ತಿಂಗಳ ಮೊದಲ ಕೆಲಸ ಅಕ್ಕಿ ತರುವುದಲ್ಲ. ಬರೆಯ ಮೇಲ್ಗಡೆ ಚರಂಡಿ ತೆಗೆದು ನೀರನ್ನು ಪಕ್ಕಕ್ಕೆ ತಿರುಗಿಸುವುದು.

ಕುಸಿಯುವ ನೆಲ ಹಲವು ಸಲ ಮುಂಚೆಯೇ ಸೂಚನೆ ಕೊಡುತ್ತದೆ. ಅಂಗಳದಲ್ಲೋ ತೋಟದಲ್ಲೋ ಹೊಸ ಬಿರುಕು. ನಿನ್ನೆವರೆಗೆ ಸಲೀಸಾಗಿ ಹಾಕುತ್ತಿದ್ದ ಬಾಗಿಲು ಇವತ್ತು ಚೌಕಟ್ಟಿಗೆ ಸಿಕ್ಕಿಕೊಳ್ಳುವುದು. ಮರ, ಕಂಬ, ಬೇಲಿ ವಾಲುವುದು. ಯಾವತ್ತೂ ನೀರಿಲ್ಲದ ಜಾಗದಲ್ಲಿ ಒರತೆ ಒಡೆಯುವುದು. ಮಳೆಗಾಲದಲ್ಲಿ ತೋಡಿನ (ಸಣ್ಣ ಹಳ್ಳದ) ನೀರು ಕೆಂಪಾಗಿರುವುದು ಮಾಮೂಲಿ, ಆದರೆ ಜೋರು ಮಳೆ ಸುರಿಯುತ್ತಿರುವಾಗಲೇ ತೋಡು ಇದ್ದಕ್ಕಿದ್ದಂತೆ ಸಣ್ಣಗಾದರೆ ಹೆದರಬೇಕು. ಮೇಲೆ ಎಲ್ಲೋ ಮಣ್ಣು, ಮರ ಅಡ್ಡ ಬಿದ್ದು ನೀರು ಕಟ್ಟಿಕೊಂಡಿರಬಹುದು. ಅದು ಒಡೆದಾಗ ಕೆಳಗಿನವರಿಗೆ ಓಡಲು ಸಮಯ ಸಿಗುವುದಿಲ್ಲ.

ಇಂಥ ಸೂಚನೆ ಕಂಡ ಮೇಲೆ ಹೊರಡಬೇಕೋ ಬೇಡವೋ ಅಂತ ಚರ್ಚೆ ಶುರುವಾದರೆ ಕೆಲಸ ಕೆಟ್ಟಿತು. ರಾತ್ರಿ ಎರಡು ಗಂಟೆ, ಕರೆಂಟಿಲ್ಲ, ಮಳೆಯ ಸದ್ದಿಗೆ ಪಕ್ಕದವರ ಮಾತೂ ಕೇಳಿಸುತ್ತಿಲ್ಲ. ಅಜ್ಜಿ ಹೇಳುತ್ತಾರೆ, "ನೀವು ಹೋಗಿ ಮಕ್ಕಳೇ, ದನ ಬಿಟ್ಟು ನಾನು ಎಲ್ಲಿಗೂ ಬರಲ್ಲ." ಸೊಸೆ ಅಳುತ್ತಾಳೆ. ಗಂಡಸರು ಕಾಫಿ, ಕಾಳುಮೆಣಸಿನ ಮೂಟೆಗಳ ಕಡೆ ನೋಡುತ್ತಾರೆ. ಇದು ಯಾರದೋ ಹಟದ ಪ್ರಶ್ನೆಯಲ್ಲ, ಯಾರ ಮನೆಯಲ್ಲಾದರೂ ಆಗುವುದೇ. ಅದಕ್ಕೆ ಬಿಸಿಲಿರುವಾಗ, ಊಟದ ಹೊತ್ತಲ್ಲಿ, ಎಲ್ಲರೂ ಕೂತು ತೀರ್ಮಾನ ಮಾಡಿಕೊಳ್ಳಬೇಕು. ಯಾವ ಸೂಚನೆ ಕಂಡರೆ ಮರುಮಾತಿಲ್ಲದೆ ಹೊರಡುವುದು. ಯಾರ ಮನೆಗೆ ಹೋಗುವುದು. ಯಾವ ದಾರಿ, ಅದು ಮುಚ್ಚಿದ್ದರೆ ಇನ್ನೊಂದು ಯಾವುದು. ಅಜ್ಜಿಯನ್ನು ಯಾರು ಎತ್ತಿಕೊಳ್ಳುವುದು. ದನದ ಕಣ್ಣಿ ಬಿಚ್ಚಿ ಬಿಡುವ ಕೆಲಸ ಯಾರದ್ದು. ದನ, ನಾಯಿ ಕಟ್ಟಿಹಾಕದಿದ್ದರೆ ತಮ್ಮ ದಾರಿ ತಾವು ನೋಡಿಕೊಳ್ಳುತ್ತವೆ. ಅಜ್ಜಿಗೆ ಈ ಮಾತನ್ನು ಮೊದಲೇ ಹೇಳಿ ಒಪ್ಪಿಸಿದ್ದರೆ ಆ ರಾತ್ರಿ ಅರ್ಧ ಗಂಟೆ ಉಳಿಯುತ್ತದೆ.

ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ ಒಂದು ಚೀಲ ಸಾಕು. ಆಧಾರ್, ಪಡಿತರ ಚೀಟಿ, ಪಾಸ್‌ಬುಕ್, ಪಹಣಿ, ಕ್ರಯಪತ್ರದ ನಕಲು, ಮಕ್ಕಳ ಮಾರ್ಕ್ಸ್ ಕಾರ್ಡ್. ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ. ಡಿಜಿಲಾಕರ್‌ನಲ್ಲೂ ಹಾಕಿಡಿ, ಆದರೆ ನೆಟ್ ಇಲ್ಲದ ದಿನಕ್ಕೆ ಕಾಗದ ಬೇಕು. ಇನ್ನೊಂದು ಸೆಟ್ ಮೈಸೂರಲ್ಲೋ ಬೆಂಗಳೂರಲ್ಲೋ ಇರುವ ನೆಂಟರ ಹತ್ತಿರ ಇರಲಿ. ಫೋನ್ ನಂಬರ್‌ಗಳನ್ನು ಒಂದು ಚೀಟಿಯಲ್ಲಿ ಬರೆದಿಡಿ, ಈಗ ನಂಬರ್ ಯಾರ ತಲೆಯಲ್ಲೂ ಇಲ್ಲ. ತುರ್ತಿಗೆ 112, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077, ಆಂಬುಲೆನ್ಸಿಗೆ 108, ಕರೆಂಟಿಗೆ 1912.

ಔಷಧಿಯ ವಿಷಯದಲ್ಲಿ ಒಂದು ತಿಂಗಳದ್ದು ಕೈಯಲ್ಲಿರಬೇಕು. ಬಿಪಿ, ಸಕ್ಕರೆ, ಫಿಟ್ಸ್, ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಜುಲೈಗೆ ಮುಂಚೆಯೇ ಡಾಕ್ಟರ ಚೀಟಿ ತೋರಿಸಿ ತರಿಸಿಕೊಳ್ಳಿ. ಇನ್ಸುಲಿನ್ ಇಟ್ಟ ಫ್ರಿಜ್ ನಿಂತಿತು ಅಂತ ಗಾಬರಿ ಬೇಡ. ಬಳಸುತ್ತಿರುವ ಸೀಸೆ ತಂಪಾದ ಕೋಣೆಯಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ತಡೆಯುತ್ತದೆ, ನಮ್ಮ ಮಳೆಗಾಲದ ಚಳಿಯಲ್ಲಿ ಅದಕ್ಕೆ ತೊಂದರೆಯಿಲ್ಲ. ನಿಮ್ಮ ಸೀಸೆಯದ್ದು ಎಷ್ಟು ದಿನ ಅಂತ ಡಾಕ್ಟರನ್ನೋ ಮೆಡಿಕಲ್ ಶಾಪಿನವರನ್ನೋ ಕೇಳಿಕೊಳ್ಳಿ. ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಜುಲೈ–ಆಗಸ್ಟ್‌ನಲ್ಲಿ ದಿನ ತುಂಬುವ ಬಸುರಿಯರು ರಸ್ತೆ ಮುಚ್ಚುವ ಮೊದಲೇ ಆಸ್ಪತ್ರೆಗೆ ಹತ್ತಿರ ಇರುವ ನೆಂಟರ ಮನೆ ಸೇರುವುದು ಕ್ಷೇಮ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಒಳ್ಳೆಯ ದಿನದಲ್ಲೇ ಅದು ದೂರ. ತುರ್ತು ಚಿಕಿತ್ಸೆಗೆ ಸುಸಜ್ಜಿತ ಆಸ್ಪತ್ರೆ ಬೇಕು ಅಂತ 2019ರಲ್ಲಿ ಕೊಡಗಿನ ಜನ ಸಾಮಾಜಿಕ ಜಾಲತಾಣದಲ್ಲಿ ದೊಡ್ಡ ಅಭಿಯಾನವನ್ನೇ ನಡೆಸಿದ್ದು ಸುಮ್ನೆ ಅಲ್ಲ. ಮನೆಯಲ್ಲಿ ಎಷ್ಟೇ ತಯಾರಿ ಇರಲಿ, ಹೃದಯಾಘಾತಕ್ಕೆ ಮನೆಮದ್ದಿಲ್ಲ. ನಾವು ಸಿದ್ಧರಾದೆವು ಅಂತ ಸರ್ಕಾರ ಕೈತೊಳೆದುಕೊಳ್ಳುವ ಹಾಗಿಲ್ಲ. ಆಸ್ಪತ್ರೆ, ರಸ್ತೆ, ಇಳಿಜಾರಿನಲ್ಲಿ ಕಟ್ಟುವುದಕ್ಕೆ ಕಡಿವಾಣ, ಇವು ಒಂದು ಮನೆಯ ಕೈಯಲ್ಲಿಲ್ಲ.

ದುಡ್ಡಿನ ವಿಷಯ. ಕೊಡಗಿನ ಬೆಳೆಗಾರರ ಮನೆಯಲ್ಲಿ ಮೆಣಸು ಅಂದರೆ ಫಿಕ್ಸೆಡ್ ಡೆಪಾಸಿಟ್ ಇದ್ದ ಹಾಗೆ. ಚೆನ್ನಾಗಿ ಒಣಗಿಸಿದರೆ ವರ್ಷಗಟ್ಟಲೆ ಕೆಡುವುದಿಲ್ಲ, ಮದುವೆಗೋ ಫೀಸಿಗೋ ಬೇಕಾದಾಗ ಎರಡು ಮೂಟೆ ಮಾರುತ್ತಾರೆ. ಬೆಲೆ ಏರಿಳಿಯುವ ಕಾಲದಲ್ಲಿ ಇದು ಜಾಣ ಕ್ರಮ. ಆದರೆ ಆ ಮೂಟೆಗಳೆಲ್ಲ ಒಂದೇ ಗೋದಾಮಿನಲ್ಲಿ, ಅದೂ ಬರೆಯ ಕೆಳಗೆ ಇದ್ದರೆ ಒಂದೇ ರಾತ್ರಿಗೆ ಹೋಗುತ್ತದೆ. ಮಳೆಗಾಲಕ್ಕೆ ಒಂದಷ್ಟನ್ನು ಬೇರೆ ಕಡೆ ಇಡಿ, ಇಲ್ಲವೇ ಮಾರಿ ಬ್ಯಾಂಕಿಗೆ ಹಾಕಿ.

ಮನೆಯ ವಿಮೆಯ ಬಗ್ಗೆ ನಮ್ಮಲ್ಲಿ ಮಾತೇ ಇಲ್ಲ. ಕಾರಿಗೆ, ಬೈಕಿಗೆ ವಿಮೆ ಇರುತ್ತದೆ, ಜೀವಮಾನದ ದುಡಿಮೆ ಹಾಕಿ ಕಟ್ಟಿದ ಮನೆಗೆ ಇರುವುದಿಲ್ಲ. 2021ರ ಏಪ್ರಿಲ್ 1ರಿಂದ ಭಾರತ್ ಗೃಹ ರಕ್ಷಾ ಅನ್ನುವ ಒಂದೇ ನಮೂನೆಯ ಪಾಲಿಸಿ ಬಂದಿದೆ. ಬೆಂಕಿ, ಪ್ರವಾಹ, ಭೂಕಂಪದ ಜೊತೆ ಭೂಕುಸಿತವೂ ಅದರಲ್ಲಿ ಸೇರಿದೆ. ಕಟ್ಟಡಕ್ಕೆ ಮಾಡಿಸಿದರೆ ಅದರ ಮೊತ್ತದ ಶೇ. 20ರಷ್ಟು, ಹೆಚ್ಚೆಂದರೆ 10 ಲಕ್ಷ ರೂಪಾಯಿವರೆಗೆ ಮನೆಯೊಳಗಿನ ಸಾಮಾನಿಗೂ ತಾನಾಗಿ ಅನ್ವಯಿಸುತ್ತದೆ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ಘೋಷಿಸಿತ್ತು, ತಕ್ಷಣದ ಖರ್ಚಿಗೆ 10,000. ಕೊಡಗಿನಲ್ಲಿ ಆ 5 ಲಕ್ಷಕ್ಕೆ ಎಂಥ ಮನೆ ಕಟ್ಟಬಹುದು ಅಂತ ಯಾವ ಮೇಸ್ತ್ರಿಯನ್ನಾದರೂ ಕೇಳಿ. ಮಳೆಗೆ ಮುಂಚೆ ಮನೆಯ ಒಳಗೆ ಹೊರಗೆ ಫೋಟೋ ತೆಗೆದಿಡಿ. ಪರಿಹಾರಕ್ಕೂ ವಿಮೆಗೂ ಅದು ಸಾಕ್ಷಿ.

ಇಷ್ಟೆಲ್ಲ ಹೇಳಿದ್ದು ಸ್ವಂತ ಮನೆ, ಡ್ರಮ್ಮು, ದುಡ್ಡು ಇರುವವರ ಮಾತು. ತೋಟದ ಕೆಲಸಗಾರರಿಗೆ ಸಾಲಾಗಿ ಕಟ್ಟಿಕೊಟ್ಟ ಲೈನ್ ಮನೆಗಳ ಕಥೆ ಬೇರೆ. ತೋಟದಲ್ಲಿ ದುಡಿಯುವ ಎರವ, ಕುರುಬ ಬುಡಕಟ್ಟಿನ ಕುಟುಂಬಗಳು, ಅಸ್ಸಾಂ, ಬಂಗಾಳದಿಂದ ಬಂದವರು ವಾರದ ಸಂಬಳದಲ್ಲಿ ವಾರದ ಸಾಮಾನು ತರುತ್ತಾರೆ. ಜೋರು ಮಳೆಗೆ ಕೆಲಸ ನಿಂತರೆ ಸಂಬಳವೂ ನಿಲ್ಲುತ್ತದೆ. ಅವರಿಗೆ ಹೋಗಿ ಒಂದು ತಿಂಗಳ ಅಕ್ಕಿ ಕೂಡಿಡಿ ಅಂದರೆ ಅನ್ಯಾಯದ ಮಾತಾಗುತ್ತದೆ. ಲೈನ್ ಮನೆಯನ್ನು ಎಲ್ಲಿ ಕಟ್ಟಬೇಕು ಅಂತ ತೀರ್ಮಾನ ಮಾಡಿದ್ದೂ ಅವರಲ್ಲ. ಹೊಳೆ ಬದಿಯೋ ಬರೆ ಬುಡವೋ, ಕೊಟ್ಟ ಕಡೆ ಇದ್ದಾರೆ. ಅಲರ್ಟ್ ಕನ್ನಡದಲ್ಲಿ ಬರುತ್ತದೆ, ಅವರಲ್ಲಿ ಎಷ್ಟೋ ಜನರಿಗೆ ಕನ್ನಡ ಓದಲು ಬಾರದು. ಇಲ್ಲಿ ಹೊಣೆ ತೋಟದ ಮಾಲೀಕರದ್ದು, ನೇರವಾಗಿ. ಮಳೆಗಾಲದ ರೇಷನ್ ಮುಂಗಡ ಕೊಡುವುದು, ರೆಡ್ ಅಲರ್ಟ್ ಬಂದ ದಿನ ಅವರ ಭಾಷೆಯಲ್ಲಿ ಹೇಳಿಸುವುದು, ತೋಟದ ಗಟ್ಟಿ ಕಟ್ಟಡವೊಂದನ್ನು ಅವರಿಗಾಗಿ ತೆರೆದಿಡುವುದು. ಬೇರೆ ರಾಜ್ಯದ ಪಡಿತರ ಚೀಟಿ ಇದ್ದರೂ ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯಲ್ಲಿ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಸಿಗುತ್ತದೆ ಅನ್ನುವುದು ಅವರಲ್ಲಿ ಎಲ್ಲರಿಗೂ ಗೊತ್ತಿರುವುದಿಲ್ಲ. ಮೇಸ್ತ್ರಿಗಳು ಒಂದು ದಿನ ಕೂರಿಸಿ ಹೇಳಿದರೆ ಆಯಿತು.

ಇನ್ನೊಂದು ಕಡೆ ದೊಡ್ಡ ತೋಟದ ಮನೆಯಲ್ಲಿ ಇಬ್ಬರೇ ವಯಸ್ಸಾದವರು. ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ. ಇವರ ಹತ್ತಿರ ದುಡ್ಡಿದೆ, ಡ್ರಮ್ ತುಂಬಾ ಸಾಮಾನಿದೆ, ಆದರೆ ಬಿದ್ದ ಮರ ಎತ್ತುವ ಕೈಯಿಲ್ಲ. ಪಕ್ಕದ ಮನೆ ಅರ್ಧ ಮೈಲಿ ದೂರ. ನನಗೆ ಹೆಚ್ಚು ಚಿಂತೆ ಇವರದ್ದೇ. ಮಗ ದುಬೈಯಿಂದ ಕಳಿಸುವ ಇನ್ವರ್ಟರ್‌ಗಿಂತ, ದಿನಾ ಸಂಜೆ ಒಮ್ಮೆ ಬಂದು "ಮಾವ, ಹೇಗಿದ್ದೀರಿ?" ಅಂತ ಕೇಳಿ ಹೋಗುವ ಪಕ್ಕದ ಊರಿನ ಹುಡುಗ ಜಾಸ್ತಿ ಉಪಯೋಗ. ಮಗ ಆ ಹುಡುಗನ ನಂಬರ್ ಇಟ್ಟುಕೊಳ್ಳಲಿ, ಅವನ ಜೊತೆ ಮೊದಲೇ ಮಾತಾಡಿರಲಿ.

ಹಾಗಾಗಿ ಕೊನೆಗೆ ಕೆಲಸ ಊರಿನ ಮಟ್ಟಕ್ಕೇ ಬರುತ್ತದೆ. ಮೇ ತಿಂಗಳಲ್ಲಿ ವಾರ್ಡಿಗೊಂದು ಸಭೆ ಕರೆದು ಗ್ರಾಮ ಪಂಚಾಯ್ತಿಯಲ್ಲಿ ಎರಡು ಪಟ್ಟಿ ಮಾಡಬಹುದು. ಮೊದಲನೆಯದು ಇರುವ ಸಾಧನಗಳದ್ದು: ಫೋರ್ ವೀಲ್ ಜೀಪು ಯಾರ ಹತ್ತಿರ, ಮರ ಕೊಯ್ಯುವ ಮೆಷಿನ್ ಯಾರ ಹತ್ತಿರ, ಜನರೇಟರ್, ಉದ್ದ ಹಗ್ಗ, ಕಪ್ಪಿ ಯಾರ ಹತ್ತಿರ, ನರ್ಸ್ ಕೆಲಸ ಮಾಡಿದವರು ಯಾರು, ಕಾಳಜಿ ಕೇಂದ್ರಕ್ಕೆ (ಮನೆ ಬಿಟ್ಟು ಬಂದವರು ತಂಗುವ ಜಾಗಕ್ಕೆ) ಯಾವ ಶಾಲೆ, ಅದರ ಬೀಗದ ಕೈ ಯಾರ ಮನೆಯಲ್ಲಿ. ಇದನ್ನು ಕಾಗದದಲ್ಲಿ ಬರೆದು ಪಂಚಾಯ್ತಿ ಕಚೇರಿ, ನ್ಯಾಯಬೆಲೆ ಅಂಗಡಿ, ಅಂಗನವಾಡಿ ಗೋಡೆಗೆ ಅಂಟಿಸಬೇಕು. ಎರಡನೆಯದು ಒಂಟಿಯಾಗಿರುವ ವೃದ್ಧರು, ಹಾಸಿಗೆ ಹಿಡಿದವರು, ಬಸುರಿಯರು, ಬರೆ ಬುಡದ ಮನೆಯವರು. ಈ ಪಟ್ಟಿಯನ್ನು ಗೋಡೆಗೆ ಹಾಕಬಾರದು, ಯಾವ ಮನೆಯಲ್ಲಿ ವಯಸ್ಸಾದವರಷ್ಟೇ ಇದ್ದಾರೆ ಅಂತ ಕಳ್ಳರಿಗೆ ತಿಳಿಸಿದ ಹಾಗಾಗುತ್ತದೆ. ಅದು ವಾರ್ಡಿನ ಮೆಂಬರ್ ಮತ್ತು ಆಶಾ ಕಾರ್ಯಕರ್ತೆಯ ಕೈಯಲ್ಲಿರಲಿ. ಪ್ರತಿ ಹೆಸರಿನ ಮುಂದೆ, ಹೊರಡಬೇಕಾದ ದಿನ ಅವರನ್ನು ಕರೆದುಕೊಂಡು ಬರಲು ಒಪ್ಪಿಕೊಂಡ ಒಬ್ಬರ ಹೆಸರು ಇರಲಿ.